ಹೇಮಾವತಿಯ ಒಡಲಲ್ಲಿ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯ

ಅಕ್ಟೋಬರ್ ತಿಂಗಳು ಜಪಮಾಲೆಗೆ ಮೀಸಲಾದ ತಿಂಗಳೆಂಬುದು ಕ್ರಿಸ್ತ ಬಂಧುಗಳೆಲ್ಲರೂ ಬಲ್ಲ ವಿಷಯ. 1571ರ ಅಕ್ಟೋಬರ್ 7ರಂದು ನಡೆದ ಲೆಪಾಂಟೊ ಕದನದ ನೆನಪಿಗಾಗಿ ಜಗದ್ಗುರು ಐದನೇ ಭಕ್ತಿನಾಥರ ಕಾಲದಲ್ಲಿ ಆರಂಭವಾದ ಈ ಹಬ್ಬವನ್ನು ಇಂದಿಗೂ ಅದೇ ದಿನದಂದು ಆಚರಿಸುತ್ತೇವೆ. ಜಪಮಾಲೆ ಮಾತೆಗೆ ಅರ್ಪಿತವಾದ ದೇವಾಲಯಗಳಲ್ಲಿ ಆ ದಿನ ದೀಪಾಲಂಕಾರ, ಮೆರವಣಿಗೆ, ಸಂಭ್ರಮದ ಬಲಿಪೂಜೆ. ಆದರೆ ಹಾಸನ ಜಿಲ್ಲೆಯಲ್ಲಿ ಇದೇ ಮಾತೆಯ ಹೆಸರು ಹೊತ್ತ ಒಂದು ದೇವಾಲಯಕ್ಕೆ ಆ ಭಾಗ್ಯವಿಲ್ಲ. ಮಳೆಗಾಲ ಚೆನ್ನಾಗಿ ನಡೆದ ವರ್ಷಗಳಲ್ಲಿ, ತನ್ನ ಹಬ್ಬದ ತಿಂಗಳಲ್ಲಿಯೇ ಅದು ಕತ್ತಿನವರೆಗೂ ನೀರಿನಲ್ಲಿ ನಿಂತಿರುತ್ತದೆ. ಅದರ ಬಲಿಪೀಠವಿದ್ದ ಸ್ಥಳದಲ್ಲಿ ಆಗ ಮೀನುಗಳು ಓಡಾಡುತ್ತವೆ.

ಅದು ಶೆಟ್ಟಿಹಳ್ಳಿಯ ದೇವಾಲಯ. ಹಾಸನ ನಗರದಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿ, ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಅದರ ಅವಶೇಷಗಳಿವೆ. ಮಾಡು ಹೋಗಿ ಬಹಳ ಕಾಲವಾಯಿತು. ಬಾಗಿಲುಗಳಿಲ್ಲ, ಕಿಟಕಿಗಳಿಲ್ಲ, ಪೀಠವಿಲ್ಲ. ಎತ್ತರವಾದ ಗೋಡೆಗಳು, ಕಂಬಗಳ ಸಾಲು, ಗೋಥಿಕ್ ಮಾದರಿಯ ಚೂಪು ಕಮಾನುಗಳು, ಪೀಠವಿದ್ದ ಕಡೆಯ ಬಾಗಿದ ಗೋಡೆ ಇಷ್ಟು ಮಾತ್ರ ಉಳಿದಿವೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಬಿರುಕು ಬಿಟ್ಟ ಕೆರೆಯಂಗಳದಂತಹ ನೆಲದ ಮೇಲೆ ನಡೆದು ಅದರ ಒಳಹೊಕ್ಕು ನಿಲ್ಲಬಹುದು. ಮಳೆಗಾಲದಲ್ಲಿ ದಡದ ಮೇಲೆ ನಿಂತು ನೋಡಬೇಕು, ಇಲ್ಲವೇ ದೋಣಿಯನ್ನು ಆಶ್ರಯಿಸಬೇಕು. 'ಮುಳುಗುವ ಚರ್ಚ್', 'ತೇಲುವ ಚರ್ಚ್' ಎಂಬ ಹೆಸರುಗಳು ಪ್ರವಾಸಿಗರ ಬಾಯಲ್ಲಿ ಹುಟ್ಟಿಕೊಂಡಿವೆ. ತೇಲುವ ಎಂಬ ಮಾತಿಗೆ ಅರ್ಥವಿಲ್ಲ. ನೂರೈವತ್ತು ವರ್ಷಗಳಿಗೂ ಹಿಂದೆ ಹಾಕಿದ ಅಡಿಪಾಯದ ಮೇಲೆ ಅದು ಇನ್ನೂ ಗಟ್ಟಿಯಾಗಿ ನಿಂತಿದೆ ಎಂಬುದೇ ಅಲ್ಲಿನ ವಿಶೇಷ.

ಪ್ರವಾಸಿ ಕೈಪಿಡಿಗಳು ಈ ದೇವಾಲಯದ ಕುರಿತು ನಾಲ್ಕು ಸಾಲು ಬರೆಯುತ್ತವೆ. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿಸಿದರು, ಅಣೆಕಟ್ಟೆ ಬಂದು ಮುಳುಗಿತು, ಛಾಯಾಚಿತ್ರಕ್ಕೆ ಬಹಳ ಸೊಗಸು. ಇದಿಷ್ಟೇ. ಸೊಗಸಿನ ಮಾತು ಸುಳ್ಳಲ್ಲ. ಆದರೆ ಈ ನಾಲ್ಕು ಸಾಲುಗಳಲ್ಲಿ ಜನರೇ ಇಲ್ಲ. ಒಂದು ಶತಮಾನಕ್ಕೂ ಹೆಚ್ಚು ಕಾಲ ಇದು ಒಂದು ಹಳ್ಳಿಯ ದೇವಾಲಯವಾಗಿತ್ತು. ಇಲ್ಲಿ ಮಕ್ಕಳಿಗೆ ದೀಕ್ಷಾಸ್ನಾನವಾಯಿತು, ಮದುವೆಗಳಾದವು, ಸತ್ತವರಿಗಾಗಿ ಪೂಜೆಗಳು ನಡೆದವು ಎಂಬ ಸಂಗತಿಯೇ ಮರೆತುಹೋಗಿದೆ. ಆ ಮರೆವಿನ ಕುರಿತು, ಆ ಜನರ ಕುರಿತು ಈ ಬರಹ.

ದೊಡ್ಡಸ್ವಾಮಿಯವರ ಸೀಮೆ

ಹಾಸನ ಸೀಮೆಯ ಕಥೋಲಿಕ ಒಕ್ಕಲುಗಳ ಚರಿತ್ರೆಯನ್ನು ಹೇಳಹೊರಟರೆ ಅಬ್ಬೆ ದ್ಯುಬುವಾ ಅವರನ್ನು ನೆನೆಯದೆ ಮುಂದೆ ಹೋಗಲಾಗದು. ಮೈಸೂರು ಸಂಸ್ಥಾನದಲ್ಲಿ ಯೇಸುಸಭೆಯ ಗುರುಗಳ ಕೆಲಸ 1640ರ ದಶಕದ ಕೊನೆಯಲ್ಲಿ ಶ್ರೀರಂಗಪಟ್ಟಣದಲ್ಲಿ ಲಿಯೊನಾರ್ದೊ ಚಿನ್ನಾಮಿ ಅವರಿಂದ ಆರಂಭವಾಗಿತ್ತು. 1773ರಲ್ಲಿ ಯೇಸುಸಭೆಯೇ ವಿಸರ್ಜಿತವಾದಾಗ ಈ ಭಾಗದ ಹೊಣೆ 1776ರಲ್ಲಿ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಗುರುಗಳಿಗೆ ಬಂದಿತು. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದೂ, 1799ರಲ್ಲಿ ಆ ಪಟ್ಟಣ ಬಿದ್ದ ಮೇಲೆ ಉಳಿದವರು ಬಿಡುಗಡೆ ಹೊಂದಿದ್ದೂ ನಮ್ಮ ಮನೆಗಳಲ್ಲಿ ಇಂದಿಗೂ ಹೇಳುವ ಕಥೆ. ಚದುರಿದ ಆ ಮಂದೆಯನ್ನು ಒಟ್ಟುಗೂಡಿಸಲು ಬಂದವರೇ ದ್ಯುಬುವಾ.

ಫ್ರಾನ್ಸಿನ ಆರ್ದೆಶ್ ಪ್ರಾಂತದ ಸೇಂಟ್ ರೆಮೆಜ್ ಎಂಬ ಊರಿನಲ್ಲಿ ಜನಿಸಿದ ಅವರು 1792ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಭಾರತಕ್ಕೆ ಹೊರಟರು. ಫ್ರೆಂಚ್ ಕ್ರಾಂತಿಯ ಬಿರುಗಾಳಿ ಬೀಸುತ್ತಿದ್ದ ಕಾಲವದು. ಇಲ್ಲಿಗೆ ಬಂದ ಮೇಲೆ ಈ ದೇಶದ ಉಡುಪು ಉಟ್ಟು, ಈ ದೇಶದ ಆಹಾರ ಉಂಡು, ಜನರ ನಡುವೆ ಬಾಳಿದರು. ಜನ ಅವರನ್ನು 'ದೊಡ್ಡಸ್ವಾಮಿಯವರು' ಎಂದು ಕರೆದರು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅವರ ಹೆಸರಿನಿಂದಲೇ ಗುರುತಿಸಲಾಗುವ ದೇವಾಲಯ ಇಂದಿಗೂ ಇದೆ. ಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಅದರ ಮರುವರ್ಷದಿಂದಲೇ ದ್ಯುಬುವಾ ಅವರು ಮೈಸೂರು ಸೀಮೆಯಲ್ಲಿ ಅದನ್ನು ಹಾಕಿಸಲು ಓಡಾಡಿದರು. ಒಂದೂವರೆ ವರ್ಷದಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆಯಾಯಿತೆಂದು ಲೆಕ್ಕವಿದೆ. 'ಅಮ್ಮ' ಎಂದು ಪೂಜಿಸುವ ರೋಗಕ್ಕೆ ಸೂಜಿ ಚುಚ್ಚಿಸಿಕೊಳ್ಳಲು ಅಂದಿನ ಹಳ್ಳಿಗರನ್ನು ಒಪ್ಪಿಸುವುದು ಎಷ್ಟು ಕಷ್ಟದ ಕೆಲಸವಾಗಿತ್ತೆಂಬುದನ್ನು ಊಹಿಸಿಕೊಳ್ಳಬಹುದು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಅವರ ಇನ್ನೊಂದು ಕೆಲಸ. ಬಡ ಕ್ರೈಸ್ತರಿಗೆ ಭಿಕ್ಷೆ ಹಂಚುವುದಕ್ಕಿಂತ ನೆಲ ದೊರಕಿಸಿಕೊಟ್ಟು ಬೇಸಾಯಕ್ಕೆ ಹಚ್ಚುವುದೇ ಲೇಸೆಂದು ಅವರು ತಿಳಿದಿದ್ದರು. ಹಾಗೆ ಅವರು ನೆಲೆಗೊಳಿಸಿದ ಒಕ್ಕಲು ಹಳ್ಳಿಗಳಲ್ಲಿ ಹೆಸರಾದದ್ದು ಹಾಸನದ ಸಮೀಪದ ಸಾತಳ್ಳಿ. ಮಲೆನಾಡಿನ ಅಂಚಿನ ಈ ಮಣ್ಣಿನಲ್ಲಿ ರಾಗಿ ಬಿತ್ತಿ, ಭತ್ತ ನಾಟಿ ಮಾಡಿ, ದನಕರು ಸಾಕಿ ಬಾಳುವ ಕಥೋಲಿಕ ಒಕ್ಕಲುತನಕ್ಕೆ ಇಲ್ಲಿ ಬೇರು ಹಿಡಿಯಿತು.

ಇಲ್ಲಿ ಒಂದು ವಿಚಿತ್ರವನ್ನೂ ಹೇಳಬೇಕು. 1823ರ ಜನವರಿಯಲ್ಲಿ ಭಾರತ ಬಿಟ್ಟು ಹೋದ ದ್ಯುಬುವಾ ಅವರು ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟಿಸಿದ ಪತ್ರಗಳಲ್ಲಿ, ಈ ದೇಶದಲ್ಲಿ ಕ್ರೈಸ್ತಧರ್ಮ ಬೇರೂರುವ ಆಸೆ ಇಲ್ಲವೆಂದೇ ಬರೆದರು. ಮೂವತ್ತು ವರ್ಷ ದುಡಿದವರ ಬಾಯಿಂದ ಬಂದ ಈ ಮಾತು ಅಂದು ದೊಡ್ಡ ವಾದವಿವಾದವನ್ನೇ ಎಬ್ಬಿಸಿತು. ಪ್ರಾಟೆಸ್ಟೆಂಟ್ ಮಿಷನರಿಗಳು ಉತ್ತರವಾಗಿ ಪುಸ್ತಕಗಳನ್ನೇ ಬರೆದರು. ಹಿಂದೂಗಳ ಆಚಾರ ವಿಚಾರಗಳ ಕುರಿತಾದ ಅವರ ಪ್ರಸಿದ್ಧ ಗ್ರಂಥದ ಬಹುಭಾಗ ಯೇಸುಸಭೆಯ ಕರ್ದು ಎಂಬ ಗುರುಗಳ ಹಳೆಯ ಹಸ್ತಪ್ರತಿಯಿಂದ ಬಂದದ್ದೆಂದು ಈಚಿನ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಹೀಗೆ ದೊಡ್ಡಸ್ವಾಮಿಯವರ ಪುಸ್ತಕದ ಕೀರ್ತಿಗೆ ಸ್ವಲ್ಪ ಮಂಕು ಕವಿದಿರಬಹುದು. ಆದರೆ ಅವರು ಆಸೆ ಕಳೆದುಕೊಂಡ ನೆಲದಲ್ಲಿಯೇ, ಅವರು ಹೊರಟುಹೋಗಿ ನಲವತ್ತು ವರ್ಷ ತುಂಬುವ ಹೊತ್ತಿಗೆ, ಶೆಟ್ಟಿಹಳ್ಳಿಯ ದೊಡ್ಡ ದೇವಾಲಯ ಎದ್ದು ನಿಂತಿತು. ಪುಸ್ತಕಕ್ಕಿಂತ ಒಕ್ಕಲುಗಳು ಹೆಚ್ಚು ಗಟ್ಟಿಯಾಗಿದ್ದರು ಎನ್ನಬೇಕು.

ಯಾರಿಗಾಗಿ ಕಟ್ಟಿದ್ದು?

ದೇವಾಲಯ ಎದ್ದ ಕಾಲದಲ್ಲಿ ಮೈಸೂರು ಸೀಮೆ ಪುದುಚೇರಿಯಿಂದ ಬೇರೆಯಾಗಿ ಸ್ವತಂತ್ರ ಪ್ರೇಷಿತ ಪ್ರಾಂತವಾಗಿತ್ತು. 1850ರಿಂದ 1873ರಲ್ಲಿ ನಿಧನರಾಗುವವರೆಗೆ ಅದರ ಮುಖ್ಯಸ್ಥರಾಗಿದ್ದವರು ಧರ್ಮಾಧ್ಯಕ್ಷ ಎತಿಯೆನ್ ಲೂಯಿ ಶಾರ್ಬೊನೊ. ಕನ್ನಡದ ಮೇಲೆ ಅವರಿಗಿದ್ದ ಶ್ರದ್ಧೆ ದೊಡ್ಡದು. 1861ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದ ಲ್ಯಾಟಿನ್-ಕನ್ನಡ ನಿಘಂಟು ಅವರದು. ಒಂದೇ ಕಾಲದಲ್ಲಿ ಬೆಂಗಳೂರಿನಲ್ಲಿ ಲ್ಯಾಟಿನ್ ಪದಗಳಿಗೆ ಕನ್ನಡ ಅರ್ಥ ಹುಡುಕುವ ಕೆಲಸ, ಹಾಸನದ ಹಳ್ಳಿಯಲ್ಲಿ ಯೂರೋಪಿನ ಕಮಾನುಗಳನ್ನು ಇಲ್ಲಿನ ಇಟ್ಟಿಗೆ ಗಾರೆಗಳಲ್ಲಿ ಎಬ್ಬಿಸುವ ಕೆಲಸ. ಎರಡೂ ಭಾಷಾಂತರವೇ ಸರಿ.

ಗಾರೆಗೆ ಬೆಲ್ಲ ಮತ್ತು ಮೊಟ್ಟೆ ಬೆರೆಸಿದ್ದರೆಂಬುದು ಸುತ್ತಲಿನ ಜನರ ಹೇಳಿಕೆ. ಹಳೆಯ ಕಟ್ಟಡಗಳೆಲ್ಲದರ ಬಗೆಗೂ ನಮ್ಮಲ್ಲಿ ಹೀಗೆ ಹೇಳುವುದುಂಟು, ಸುಣ್ಣದ ಗಾರೆಗೆ ಬೆಲ್ಲದ ನೀರು ಬೆರೆಸುವ ಪದ್ಧತಿ ಇದ್ದದ್ದೂ ನಿಜ. ಬಣ್ಣದ ಗಾಜುಗಳು ಬೆಲ್ಜಿಯಂ ದೇಶದಿಂದ ಬಂದವೆಂಬ ಮಾತೂ ಇದೆ. ಈಗ ಪರೀಕ್ಷಿಸಿ ನೋಡೋಣವೆಂದರೆ ಒಂದು ಚೂರೂ ಉಳಿದಿಲ್ಲ.

ಆಲೂರು, ಸಕಲೇಶಪುರದ ಕಾಫಿ ತೋಟಗಳ ಬ್ರಿಟಿಷ್ ಮಾಲೀಕರಿಗಾಗಿ ಈ ದೇವಾಲಯವನ್ನು ಕಟ್ಟಿಸಲಾಯಿತು ಎಂಬ ಮಾತು ಬಹಳ ಕಡೆ ಅಚ್ಚಾಗಿದೆ. ಇದನ್ನು ಕಣ್ಣುಮುಚ್ಚಿ ಒಪ್ಪುವುದು ಕಷ್ಟ. 1840ರ ದಶಕದಿಂದ ಮಂಜರಾಬಾದಿನ ಕಡೆ ಬಿಳಿಯರ ಕಾಫಿ ತೋಟಗಳು ಎದ್ದದ್ದು ಹೌದು. ಆದರೆ ಇಂಗ್ಲೆಂಡ್, ಸ್ಕಾಟ್ಲೆಂಡುಗಳಿಂದ ಬಂದ ಆ ದೊರೆಗಳಲ್ಲಿ ಬಹುಪಾಲು ಪ್ರಾಟೆಸ್ಟೆಂಟರು. ಅವರಿಗಾಗಿಯೇ ಕಟ್ಟುವುದಾಗಿದ್ದರೆ ಸಕಲೇಶಪುರದ ತೋಟಗಳ ನಡುವೆಯೇ ಕಟ್ಟಬಹುದಾಗಿತ್ತು. ಎತ್ತಿನ ಗಾಡಿಯ ಕಾಲದಲ್ಲಿ ಅಷ್ಟು ದೂರದ ಹೊಳೆದಂಡೆಯ ಹಳ್ಳಿಗೆ ಭಾನುವಾರ ಪೂಜೆಗೆ ಬರುವವರಾರು? ತೋಟದವರು ಹಣ ಕೊಟ್ಟಿರಬಹುದು, ಆಗೊಮ್ಮೆ ಈಗೊಮ್ಮೆ ಬಂದಿರಲೂಬಹುದು. ಆದರೆ ಪ್ರತಿ ಭಾನುವಾರ ನೆಲದ ಮೇಲೆ ಕುಳಿತು ಪೂಜೆ ಕಂಡವರು ನೇಗಿಲು ಹಿಡಿದ ಜನ. ಹಳ್ಳಿಗರ ದೇವಾಲಯವನ್ನು ದೊರೆಗಳ ದೇವಾಲಯವೆಂದು ಬರೆಯುವುದರಿಂದ ಆ ಜನಕ್ಕೆ ಎರಡನೇ ಸಲ ಅನ್ಯಾಯವಾಗುತ್ತದೆ. ಮೊದಲು ಊರು ಹೋಯಿತು, ಈಗ ಊರಿನ ಹೆಸರೂ ಬೇರೆಯವರ ಖಾತೆಗೆ.

ಹಾಸನ ಪಟ್ಟಣದಲ್ಲಿ ಇದೇ ಶತಮಾನದಲ್ಲಿ ವೆಸ್ಲಿಯನ್ ಮಿಷನ್ನಿನವರೂ ನೆಲೆಯೂರಿದರು. 1906ರಲ್ಲಿ ಅವರು ಆರಂಭಿಸಿದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಕಥೋಲಿಕ ಮಕ್ಕಳೂ ಎಷ್ಟೋ ಮಂದಿ. ಅವರದು ಪಟ್ಟಣವನ್ನು ಕೇಂದ್ರವಾಗಿಸಿಕೊಂಡ ಶಾಲೆ, ಆಸ್ಪತ್ರೆಗಳ ದಾರಿ. ಫ್ರೆಂಚ್ ಗುರುಗಳದು ಹಳ್ಳಿ ಹಿಡಿದ ದಾರಿ. ಅದೇ ಕಾರಣದಿಂದ ಅಣೆಕಟ್ಟೆ ಬಂದಾಗ ಪಟ್ಟಣದ ದೇವಾಲಯಗಳು ಉಳಿದವು, ಹೊಳೆದಂಡೆಯ ಹಳ್ಳಿಯದು ಹೋಯಿತು.

ಶೆಟ್ಟಿಹಳ್ಳಿಯ ದೇವಾಲಯ ನಿಂತಲ್ಲಿಯೇ ನಿಂತಿದ್ದರೂ ಅದರ ಮೇಲಣ ಆಡಳಿತ ಹಲವು ಸಲ ಬದಲಾಯಿತು. 1886ರಲ್ಲಿ ಮೈಸೂರು ಪೂರ್ಣ ಧರ್ಮಪ್ರಾಂತವಾಯಿತು. 1940ರಲ್ಲಿ ಬೆಂಗಳೂರು ಮತ್ತು ಮೈಸೂರು ಬೇರೆಬೇರೆಯಾದಾಗ ಹಾಸನ ಮೈಸೂರಿನ ಪಾಲಿಗೆ ಬಂದಿತು. 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ ಸ್ಥಾಪನೆಯಾದಾಗ ಹಾಸನ ಜಿಲ್ಲೆ ಅದಕ್ಕೆ ಸೇರಿತು. ಮೊದಲ ಧರ್ಮಾಧ್ಯಕ್ಷರು ಅಲ್ಫೋನ್ಸಸ್ ಮಥಾಯಸ್. ಈ ಬದಲಾವಣೆಗಳಿಂದ ಹಳ್ಳಿಯ ಬದುಕಿನಲ್ಲಿ ಹೆಚ್ಚಿನ ವ್ಯತ್ಯಾಸವೇನೂ ಆಗಿರಲಾರದು. ನಿಜವಾದ ಬದಲಾವಣೆ ಬಂದದ್ದು ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ. ನೂರು ವರ್ಷ ಲ್ಯಾಟಿನ್ ಮಂತ್ರಗಳನ್ನು ಮಾತ್ರ ಕೇಳಿದ್ದ ಹಳ್ಳಿಯ ಪೀಠಗಳು 1960ರ ದಶಕದ ಕೊನೆಯ ಹೊತ್ತಿಗೆ ಕನ್ನಡದಲ್ಲಿ ಬಲಿಪೂಜೆಯನ್ನು ಕೇಳತೊಡಗಿದವು. ಗುರುಗಳು ಜನರ ಕಡೆಗೆ ಮುಖಮಾಡಿ ನಿಂತರು. ಶಾರ್ಬೊನೊ ಅವರ ನಿಘಂಟು ಬಯಸಿದ್ದು ಕಡೆಗೆ ಪೀಠದ ಮೇಲೆ ಕೈಗೂಡಿತು. ಆದರೆ ಅದೇ ದಶಕದ ಕೊನೆಯಲ್ಲಿ ಗೊರೂರಿನಲ್ಲಿ ಅಣೆಕಟ್ಟೆಯ ಕೆಲಸವೂ ಆರಂಭವಾಗಿತ್ತು.

ಹೊಳೆ ನಿಂತಾಗ

ಹೇಮಾವತಿ ಹುಟ್ಟುವುದು ಮೂಡಿಗೆರೆಯ ಕಡೆಯ ಘಟ್ಟದಲ್ಲಿ. ಸಕಲೇಶಪುರವನ್ನು ದಾಟಿ, ಹಾಸನ ಸೀಮೆಯಲ್ಲಿ ಹರಿದು, ಹೊಳೆನರಸೀಪುರವನ್ನು ಮುಟ್ಟಿ, ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಸೇರುತ್ತದೆ. ನರಸೀಪುರದ ಹೆಸರಿನ ಮುಂದಿರುವ 'ಹೊಳೆ' ಈ ಹೇಮಾವತಿಯೇ. ಗೊರೂರು ರಾಮಸ್ವಾಮಿ ಅಯ್ಯಂಗಾರರನ್ನು ಓದಿದವರಿಗೆ ಈ ಹೊಳೆಯ ಪರಿಚಯ ಹೊಸದಲ್ಲ. 1904ರಲ್ಲಿ ಹುಟ್ಟಿ 1991ರಲ್ಲಿ ತೀರಿಕೊಂಡ ಅವರು ಅಣೆಕಟ್ಟೆಗೆ ಮುಂಚಿನ ಗೊರೂರನ್ನೂ ಅದರ ನಂತರದ ಗೊರೂರನ್ನೂ ಕಂಡವರು.

ಕಾವೇರಿ ನೀರಿನ ಬಗ್ಗೆ ಮೈಸೂರು ಮತ್ತು ಮದರಾಸುಗಳ ನಡುವೆ 1924ರಲ್ಲಿ ಆದ ಒಪ್ಪಂದದ ಕಟ್ಟುಪಾಡುಗಳ ನಡುವೆ, ಕೇಂದ್ರದ ಒಪ್ಪಿಗೆ ದೊರೆಯದಿದ್ದರೂ, ಕರ್ನಾಟಕ ಸರ್ಕಾರ ತನ್ನದೇ ಹಣದಿಂದ ಕೈಗೊಂಡ ಯೋಜನೆಗಳಲ್ಲಿ ಹೇಮಾವತಿಯೂ ಒಂದು. 1979ರಲ್ಲಿ ಅಣೆಕಟ್ಟೆ ಪೂರ್ಣಗೊಂಡಿತು. ಅದರ ಉದ್ದ 4,692 ಮೀಟರ್, ಎತ್ತರ 58.5 ಮೀಟರ್. ತುಂಬಿದಾಗ ನೀರಿನ ಮಟ್ಟ 2,922 ಅಡಿ. ಹಿಡಿಯುವ ನೀರು 37 ಟಿಎಂಸಿ ಅಡಿಗೂ ಸ್ವಲ್ಪ ಹೆಚ್ಚು. ನೀರು ಹರಡುವ ನೆಲ 8,502 ಹೆಕ್ಟೇರ್. ಈ ಕೊನೆಯ ಅಂಕಿಯ ಒಳಗೆ ಹೊಲಗಳಿದ್ದವು, ತೋಪುಗಳಿದ್ದವು, ಗುಡಿಗಳಿದ್ದವು, ಊರುಗಳಿದ್ದವು. ಶೆಟ್ಟಿಹಳ್ಳಿಯ ದೇವಾಲಯವೂ ಇತ್ತು.

ಈ ನಷ್ಟ ಕಥೋಲಿಕರದು ಮಾತ್ರವಲ್ಲ. ಮುಳುಗಡೆಯ ಹಳ್ಳಿಗಳಲ್ಲಿ ಎಲ್ಲ ಜಾತಿ ಮತಗಳ ಜನರಿದ್ದರು, ಅವರವರ ದೇವರ ನೆಲೆಗಳಿದ್ದವು. ಇಟ್ಟಿಗೆಯ ಎತ್ತರವಾದ ಗೋಡೆಗಳಿದ್ದುದರಿಂದ ನಮ್ಮ ದೇವಾಲಯ ನೀರಿನ ಮೇಲೆ ಕಾಣುತ್ತದೆ. ಮಣ್ಣುಗೋಡೆಯ ಮನೆಗಳೂ ಸಣ್ಣ ಗುಡಿಗಳೂ ಕಾಣುವುದಿಲ್ಲ, ಅಷ್ಟೇ. ಹಾಗೆಯೇ, ಅಣೆಕಟ್ಟೆ ಕೇವಲ ಕೇಡನ್ನೇ ತಂದಿತೆನ್ನಲೂ ಆಗದು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳ ಕಾಲುವೆಗಳಲ್ಲಿ ಹರಿದು, ತುಮಕೂರು ಮಂಡ್ಯಗಳವರೆಗೂ ಹೋಗುವ ನೀರು ಇದೇ. ಮಳೆಯನ್ನೇ ನಂಬಿ ರಾಗಿ, ಹುರುಳಿ ಬೆಳೆಯುತ್ತಿದ್ದ ಚನ್ನರಾಯಪಟ್ಟಣದ ಬಯಲಿನ ರೈತನಿಗೆ ಕಾಲುವೆಯ ನೀರು ಏನೆಂಬುದನ್ನು ಅವನಲ್ಲಿಯೇ ಕೇಳಬೇಕು. ಒಂದು ಕಡೆಯ ಒಕ್ಕಲು ಎದ್ದುಹೋಗಿ ಇನ್ನೊಂದು ಕಡೆಯ ಒಕ್ಕಲು ನೆಲೆಯೂರಿತು. ಲೆಕ್ಕ ಸರಿಹೋಯಿತೆಂದು ಕಾಗದದ ಮೇಲೆ ಬರೆಯಬಹುದು. ಎದ್ದುಹೋದವನು ಹಾಗೆ ಹೇಳಲಾರ.

ಎದ್ದುಹೋಗುವ ಧರ್ಮಕೇಂದ್ರವೊಂದು ಏನನ್ನು ಹೊತ್ತೊಯ್ಯಬಲ್ಲದು, ಏನನ್ನು ಬಿಟ್ಟುಹೋಗಬೇಕಾಗುತ್ತದೆ ಎಂಬುದನ್ನು ಎಣಿಸಿ ನೋಡಿದರೆ ಮನಸ್ಸು ಭಾರವಾಗುತ್ತದೆ. ಪರಮಪ್ರಸಾದವನ್ನು ಒಯ್ಯಬಹುದು. ಸಂತರ ಅವಶೇಷವಿರುವ ಪೀಠದ ಕಲ್ಲನ್ನು ಒಯ್ಯಬಹುದು. ಸ್ವರೂಪಗಳನ್ನು, ಗಂಟೆಯನ್ನು, ಪೂಜಾಪಾತ್ರೆಗಳನ್ನು, ದೀಕ್ಷಾಸ್ನಾನ ಮತ್ತು ವಿವಾಹಗಳ ದಾಖಲೆ ಪುಸ್ತಕಗಳನ್ನು ಗಾಡಿಯಲ್ಲಿ ಹಾಕಬಹುದು. ಗೋಡೆಯನ್ನು ಒಯ್ಯಲಾಗದು. ಮಣ್ಣಿನಲ್ಲಿ ಮಲಗಿದವರನ್ನು ಒಯ್ಯಲಾಗದು. ಮೂರು ಹೊತ್ತಿನ ಗಂಟೆ ಯಾವ ಹೊಲದವರೆಗೆ ಕೇಳುತ್ತಿತ್ತು, ಯಾವ ಮರದ ಕೆಳಗೆ ಪೂಜೆ ಮುಗಿಸಿದ ಗಂಡಸರು ಮಾತಿಗೆ ನಿಲ್ಲುತ್ತಿದ್ದರು, ಇವು ಯಾವ ಪರಿಹಾರದ ಪಟ್ಟಿಯಲ್ಲಿಯೂ ಸೇರುವುದಿಲ್ಲ.

ಗೋಡೆಯ ಮೇಲಿನ ಹೆಸರುಗಳು

ಅಂದಿನಿಂದ ಇಂದಿನವರೆಗೆ ಪ್ರತಿ ವರ್ಷ ಈ ಗೋಡೆಗಳು ಕೆಲವು ತಿಂಗಳು ನೆನೆಯುತ್ತವೆ, ಕೆಲವು ತಿಂಗಳು ಒಣಗುತ್ತವೆ. ಸದಾ ನೀರಿನಲ್ಲಿದ್ದರೂ ಕಟ್ಟಡ ಇಷ್ಟು ಬೇಗ ಸವೆಯದು, ಸದಾ ಬಿಸಿಲಿನಲ್ಲಿದ್ದರೂ ಸವೆಯದು. ನೆನೆದು ಒಣಗುವುದೇ ಸುಣ್ಣದ ಗಾರೆಗೆ ಶತ್ರು. ಇಟ್ಟಿಗೆಯ ಒಳಗೆ ಇಳಿದ ನೀರು ಬಿಸಿಲಿಗೆ ಆರುವಾಗ ಲವಣವನ್ನು ಹೊರತಂದು ಮೇಲ್ಮೈಯನ್ನು ಉದುರಿಸುತ್ತದೆ. ಗಾಳಿಗೆ ಏಳುವ ಅಲೆಗಳು ಬುಡವನ್ನು ಕೊರೆಯುತ್ತವೆ. ಮೇಲೆ ಬಿದ್ದ ಹಕ್ಕಿಯ ಹಿಕ್ಕೆಯಿಂದ ಆಲ, ಅರಳಿಯ ಸಸಿ ಹುಟ್ಟಿ ಬೇರು ಇಳಿಸುತ್ತದೆ. ಈಚಿನ ವರ್ಷಗಳ ಮಳೆಗೆ ಕಟ್ಟಡದ ಕೆಲವು ಭಾಗಗಳು ಕುಸಿದಿವೆ. ದೂರದಿಂದ ತೆಗೆದ ಚಿತ್ರಗಳಲ್ಲಿ ಇದು ಅಷ್ಟಾಗಿ ಕಾಣದು.

ಪ್ರಕೃತಿ ಮಾಡುವ ಕೆಲಸಕ್ಕೆ ಮನುಷ್ಯರೂ ಕೈಜೋಡಿಸುತ್ತಿದ್ದಾರೆ. ಮೊಳೆಯಿಂದ ಕೊರೆದ ಹೆಸರುಗಳು, ಹೃದಯದ ಗುರುತುಗಳು, ಒಡೆದ ಬಾಟಲಿಗಳು. ಮದುವೆಗೆ ಮೊದಲಿನ ಛಾಯಾಚಿತ್ರಗಳಿಗಾಗಿ ಬರುವ ಜೋಡಿಗಳು, ಚಲನಚಿತ್ರದವರು. ಬರಬಾರದೆಂದು ಯಾರೂ ಹೇಳಲಾರರು. ಜನ ಬಾರದಿದ್ದರೆ ಈ ಕಟ್ಟಡದ ನೆನಪೂ ಇರುತ್ತಿರಲಿಲ್ಲವೆಂಬುದೂ ಸತ್ಯವೇ. ಆದರೆ ಗೋಡೆಯ ಮೇಲೆ ಹತ್ತಿ ನಿಲ್ಲುವವರನ್ನು ಕಂಡಾಗ, ಇದು ಪೀಠವಿದ್ದ ಜಾಗವೆಂದು ಹೇಳುವ ಒಂದು ಫಲಕವಾದರೂ ಬೇಡವೇ ಎನಿಸುತ್ತದೆ.

ಧರ್ಮಸಭೆಯ ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1983ರ ಕಾನೂನು ಸಂಹಿತೆಯ 1222ನೇ ವಿಧಿ, ಪೂಜೆಗೆ ಬಳಸಲು ಸಾಧ್ಯವೇ ಇಲ್ಲದ, ದುರಸ್ತಿ ಮಾಡಲೂ ಆಗದ ದೇವಾಲಯವನ್ನು ಧರ್ಮಾಧ್ಯಕ್ಷರು ಲೌಕಿಕ ಬಳಕೆಗೆ ಬಿಡಬಹುದೆಂದು ಹೇಳುತ್ತದೆ. ಆದರೆ ಒಂದು ಷರತ್ತಿದೆ: ಆ ಬಳಕೆ ಹೀನವಾದದ್ದಾಗಿರಕೂಡದು. ಪೂಜೆ ನಿಂತ ಮಾತ್ರಕ್ಕೆ ಆ ಸ್ಥಳದ ಗೌರವ ನಿಲ್ಲುವುದಿಲ್ಲ ಎಂಬುದು ಈ ವಿಧಿಯ ತಿರುಳು. ಶೆಟ್ಟಿಹಳ್ಳಿಗೆ ಹೋಗುವ ನಮ್ಮ ಯುವಜನರ ಗುಂಪುಗಳಿಗೆ, ಧರ್ಮೋಪದೇಶದ ಮಕ್ಕಳಿಗೆ ಇದನ್ನು ಹೇಳಿಕೊಟ್ಟು ಕರೆದೊಯ್ಯುವುದು ಮೇಲು. ವಿನೋದದ ಪ್ರವಾಸಕ್ಕೆ ಹೋದರೂ ಒಂದು ಸುತ್ತಿನ ಜಪಮಾಲೆಗೆ ಹೆಚ್ಚು ಹೊತ್ತು ಹಿಡಿಯದು.

ಇನ್ನೊಂದು ಮಾತು. 1979ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಇಂದು ಅರವತ್ತೈದನ್ನು ದಾಟಿದ್ದಾರೆ. ಆ ದೇವಾಲಯಕ್ಕೆ ಮಾಡು ಇದ್ದದ್ದನ್ನು, ಪೀಠದ ಮೇಲೆ ಮೇಣದ ಬತ್ತಿ ಉರಿದದ್ದನ್ನು ಕಣ್ಣಾರೆ ಕಂಡವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಪಾಳುಗೋಡೆಗಳ ಚಿತ್ರಗಳು ಸಾವಿರ ಸಾವಿರ ಇವೆ. ಬೇಕಾಗಿರುವುದು ಊರಿದ್ದ ಕಾಲದ ಚಿತ್ರಗಳು. ಮದುವೆಯ ದಿನ ದೇವಾಲಯದ ಮೆಟ್ಟಿಲ ಮೇಲೆ ನಿಂತು ತೆಗೆಸಿದ ಕಪ್ಪು ಬಿಳುಪಿನ ಚಿತ್ರವೋ, ಮೊದಲ ಪರಮಪ್ರಸಾದದ ಕಾಗದವೋ, ಹಬ್ಬದ ಆಮಂತ್ರಣವೋ ಯಾರದಾದರೂ ಮನೆಯ ಪೆಟ್ಟಿಗೆಯ ತಳದಲ್ಲಿ ಇದ್ದೀತು. ಅಂತಹ ಕುಟುಂಬಗಳವರು ಅದರ ಒಂದು ಪ್ರತಿಯನ್ನು ತಮ್ಮ ಈಗಿನ ಧರ್ಮಕೇಂದ್ರದ ಗುರುಗಳ ಕೈಗೆ ಒಪ್ಪಿಸಬೇಕು. ಚಿತ್ರದ ಹಿಂದೆ, ಅದರಲ್ಲಿರುವವರ ಹೆಸರನ್ನೂ ಇಸವಿಯನ್ನೂ ಪೆನ್ಸಿಲಿನಲ್ಲಿ ಬರೆದಿಡಬೇಕು.